ಮುಳುಗಿದ್ದು ಆ ಹಡಗಲ್ಲ

ಅಪ್ಪಾ,

ನಿನ್ನ ಗಿರಿಜಾ ಬರೆಯುತ್ತಿದ್ದೇನೆ. ನೀನು ಇದ್ದಾಗ ಒಂದು ಪತ್ರ ಬರೆದವಳಲ್ಲ. ಮುಂಡಗೋಡದಿಂದ ದಾಂಡೇಲಿಗೆ ಎರಡು ಬಸ್ಸು ಬದಲಿಸಿದರೆ ನಿನ್ನ ಮುಖ ನೋಡಬಹುದು ಎಂಬ ಸೊಕ್ಕಿತ್ತು. ಈಗ ಯಾವ ಬಸ್ಸು ಹತ್ತಲಿ ಹೇಳು?

ನೀನು ಕಾಗದದ ಮಿಲ್ಲಿನಿಂದ ಬಂದು ಊಟದ ಡಬ್ಬಿ ಕೆಳಗಿಟ್ಟರೆ ಸಾಕು, ನಾನೂ ತಮ್ಮ ಬಸೂನೂ ಅದರ ಮೇಲೆ ಬೀಳುತ್ತಿದ್ದೆವು. ತಿನ್ನಲಿಕ್ಕಲ್ಲ, ಓದಲಿಕ್ಕೆ. ಪರದೇಶದಿಂದ ಬಂದ ರದ್ದಿ ಕಾಗದದ ಗಂಟು ಬಿಚ್ಚಿ, ಅರೆಯುವ ಹೊಂಡಕ್ಕೆ ತಳ್ಳುವ ಕೆಲಸ ನಿನ್ನದು. ಚೆಂದದ ಹಾಳೆ ಕಂಡರೆ ಉಳಿದ ರೊಟ್ಟಿಯನ್ನು ಅದರಲ್ಲಿ ಸುತ್ತಿ ತರುತ್ತಿದ್ದೆ. ಗೇಟಿನ ವಾಚಮನ್‌ಗೆ ರೊಟ್ಟಿ ಕಾಣುತ್ತಿತ್ತು, ಹಾಳೆ ಕಾಣುತ್ತಿರಲಿಲ್ಲ. ಟೈಟಾನಿಕ್ ಹಡಗು ನಮ್ಮ ಮನೆಗೆ ಬಂದದ್ದೂ ಹಾಗೆಯೇ, ಮೈತುಂಬ ಶೇಂಗಾ ಚಟ್ನಿಯ ಎಣ್ಣೆ ಹಚ್ಚಿಕೊಂಡು.

"ಓದವಾ ತಂಗಿ, ಇಂಗ್ಲಿಷ್ ರೂಢಿ ಆಗ್ತೈತಿ" ಎಂದು ಅದನ್ನು ನನ್ನ ಕೈಗೆ ಕೊಟ್ಟೆ. ನಾನು ತಡವರಿಸುತ್ತ ಓದಿ ಕನ್ನಡ ಮಾಡಿದೆ. ಮುಳುಗಿದ್ದು ಟೈಟಾನಿಕ್ ಅಲ್ಲವೇ ಅಲ್ಲವಂತೆ. ಅದರಂಥದೇ ಇನ್ನೊಂದು ಹಡಗು ಮೊದಲೇ ಡಿಕ್ಕಿ ಹೊಡೆದು ಕೆಟ್ಟಿತ್ತಂತೆ. ವಿಮೆಯ ಆಸೆಗೆ ಅದಕ್ಕೇ ಹೊಸ ಹೆಸರು ಬರೆದು ಸಮುದ್ರಕ್ಕೆ ಬಿಟ್ಟರಂತೆ. ಬಸು ಬಾಯಿ ತೆರೆದು ಕೂತಿದ್ದ. ಒಲೆಯ ಮುಂದಿದ್ದ ಅವ್ವ ಮಾತ್ರ "ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ ನೀವು" ಎಂದು ನಕ್ಕಳು. ಹಾಳೆ 'ಆದರೆ' ಎಂಬ ಮಾತಿಗೆ ಮುಗಿದಿತ್ತು.

"ಆದ್ರ ಏನಪಾ?" ಎಂದ ಬಸು.

"ಆದ್ರ ಅನ್ನೋದು ಹೊಂಡದಾಗ ಹೋತು" ಎಂದೆ ನೀನು.

ಆ ಹಡಗಿನ ಹುಚ್ಚು ಅವನನ್ನು ಬಿಡಲೇ ಇಲ್ಲ. ದೊಡ್ಡವನಾಗಿ ಗೋವಾದಿಂದ ಹೊರಡುವ ಸರಕಿನ ಹಡಗಿನಲ್ಲಿ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಾಗ ನಿನಗೆ ಮನಸ್ಸಿರಲಿಲ್ಲ. ಅರ್ಜಿ ತುಂಬಿಕೊಟ್ಟವಳು ನಾನು. ನಿನ್ನನ್ನು ಒಪ್ಪಿಸಿದವಳೂ ನಾನು. ನೀನು ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗಿ ನೀಲಿ ಸ್ವೆಟರ್ ತಂದೆ. "ಸಮುದ್ರದ ಮ್ಯಾಲೆ ಥಂಡಿ ಇರ್ತೈತಿ, ತಗೊಂಡು ಹೋಗೋ" ಎಂದರೆ ಅವನು "ಗೋವಾದಾಗ ಯಾರ್ ಹಾಕ್ಕೋತಾರಪಾ ಇದನ್ನ" ಎಂದು ಗೂಟಕ್ಕೆ ತೂಗುಹಾಕಿ ಹೋದ.

ಹಡಗು ಮುಳುಗಿತೆಂದು ಫೋನು ಬಂದ ದಿನ ನೆನಪಿದೆಯೇ? ಹೆಣವೂ ಸಿಗಲಿಲ್ಲ. ನಾನು ಹಾಸಿಗೆ ಹಿಡಿದೆ. "ನಾನಽ ಕೊಂದೆ, ನಾನಽ ಫಾರಂ ತುಂಬಿದೆ" ಎಂಬುದೊಂದೇ ಮಾತು. ಅನ್ನ ಇಲ್ಲ, ನೀರಿಲ್ಲ. ಮೂರನೆಯ ದಿನ ನೀನು ತಲೆದೆಸೆಗೆ ಬಂದು ಕೂತೆ. "ಮುಳುಗಿದ್ದು ಆ ಹಡಗಲ್ಲವಾ. ಹೆಸರು ಬದಲಿ ಮಾಡಿರ್ತಾರ. ನೀನಽ ಓದಿ ಹೇಳಿದ್ದಿಲ್ಲೇನು? ಬಸು ಬ್ಯಾರೆ ಹಡಗಿನಾಗ ಅದಾನ, ಬರ್ತಾನ. ಏಳು." ನಾನು ಎದ್ದು ಗಂಜಿ ಕುಡಿದೆ. ನಂಬಿದೆನೋ ಇಲ್ಲವೋ, ಇವತ್ತಿಗೂ...

ಆದರೆ ನೀನು ಆ ಮಾತು ಬಿಡಲೇ ಇಲ್ಲವಲ್ಲ! ನನಗೆ ನೌಕರಿಯಾಯಿತು, ಮದುವೆಯಾಯಿತು. ಬಸೂನ ತಾಟು ಮಾತ್ರ ದಿನಾ ತೊಳೆದು ನಿನ್ನ ಪಕ್ಕಕ್ಕೆ ಇಡಬೇಕು. ಅವ್ವ, ಹೋದವರಿಗೆ ಮಾಡುವ ಗಣಾರಾಧನೆಯನ್ನು ಅವನ ಹೆಸರಿನಲ್ಲೂ ಮಾಡಿಸೋಣವೆಂದಳು. ನೀನು "ಇದ್ದವನಿಗೆ ಯಾರಾದ್ರೂ ಮಾಡ್ತಾರೇನು?" ಎಂದು ಪೂಜೆಗೆ ಬಂದ ಅಯ್ಯನವರನ್ನು ಬಾಗಿಲಿಂದಲೇ ಕಳಿಸಿದೆ. ಆವತ್ತು ಬೀಗರೆಲ್ಲರ ಮುಂದೆ ನಾನು ಚೀರಿದೆ: "ನಿನಗ ಹುಚ್ಚ ಹಿಡದೈತಿ! ಅವ್ವನ ಕಣ್ಣೀರರೆ ನೋಡು." ನೀನು ಒಂದು ಸಲ ನನ್ನ ಮುಖ ನೋಡಿ, ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಆಮೇಲೆ ನಾವು ಸರಿಯಾಗಿ ಮಾತಾಡಲೇ ಇಲ್ಲ ಅಪ್ಪಾ.

ನೀನು ಹೋಗಿ ಒಂಬತ್ತನೆಯ ದಿನ, ಪೂಜೆಗಿಡಲು ಒಳ್ಳೆಯ ಫೋಟೋ ಹುಡುಕುತ್ತ ನಿನ್ನ ಟ್ರಂಕು ತೆಗೆದೆ. ತಳದಲ್ಲಿ ನೀಲಿ ಸ್ವೆಟರ್. ಅದರೊಳಗೆ ಎರಡು ಹಾಳೆ. ಒಂದು ನಾನು ಓದಿದ್ದು. ಇನ್ನೊಂದರ ಮೇಲೂ ಅದೇ ಎಣ್ಣೆಯ ಕಲೆ, ಅದೇ ಜಾಗದಲ್ಲಿ. ಎರಡನ್ನೂ ಒಂದೇ ದಿನ, ಒಂದೇ ರೊಟ್ಟಿಗೆ ಸುತ್ತಿ ತಂದಿದ್ದೆಯಲ್ಲ! 'ಆದರೆ' ಹೊಂಡಕ್ಕೆ ಹೋಗಿರಲೇ ಇಲ್ಲ. ಯಾರಿಂದ ಓದಿಸಿಕೊಂಡಿದ್ದೆಯೋ, ಇಂಗ್ಲಿಷಿನ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ನಿನ್ನ ದುಂಡು ಕನ್ನಡ: ಸಮುದ್ರದ ತಳದಲ್ಲಿ ಸಿಕ್ಕ, ಹಡಗನ್ನು ಮುಂದೆ ತಳ್ಳುವ ಪಂಖದ ಮೇಲೆ ಟೈಟಾನಿಕ್ಕಿನದೇ ನಂಬರು ಇದೆ, ಬದಲಿಯ ಮಾತು ಬರೀ ಸುಳ್ಳು, ಮುಳುಗಿದ್ದು ಅದೇ ಹಡಗು.

ಅವ್ವನಿಗೆ ತೋರಿಸಿದೆ. ಅವಳು ಸ್ವೆಟರ್ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ನನಗ ಗೊತ್ತಿತ್ತವಾ. ಬಸೂಗ ಆ ಕತಿ ಭಾಳ ಸೇರಿತ್ತು, ಅದಕ್ಕ ಮುಚ್ಚಿಟ್ರು."

"ಮತ್ತ ಅವ ಹೋದ ಮ್ಯಾಲೆ?"

"ನೀ ಹಾಸಿಗಿ ಬಿಟ್ಟು ಏಳಲಿಲ್ಲಲ್ಲ. ಒಂದು ಕೂಸು ಹೋತು, ಇದೊಂದರೆ ಉಳೀಲಿ, ಅಕಿ ಏಳೂತನಕ ಹಿಂಗ ಅಂತೇನಿ ಅಂದ್ರು. ನೀ ಎದ್ದಿ. ಆಮ್ಯಾಲೆ... ಬಿಡಾಕ ಅವರಿಗೇ ಆಗಲಿಲ್ಲ."

ಯಾಕೆ ಹೇಳಲಿಲ್ಲ ಅಪ್ಪಾ? ಹುಚ್ಚ ಅನ್ನಿಸಿಕೊಂಡು ಸುಮ್ಮನೆ ಹೊರಗೆ ಹೋದೆಯಲ್ಲ! ಚೀರಿದ ನನ್ನ ಬಾಯಿಗೆ ಒಂದು ಏಟು ಹಾಕಬಾರದಿತ್ತೇ? ನನ್ನನ್ನು ಕ್ಷಮಿಸು. ಬದುಕಿದ್ದಾಗ ಕೇಳಬೇಕಿದ್ದ ಮಾತಿದು.

ಇನ್ನು ನೀನು ಕೇಳದ ಸುದ್ದಿ. ನಿನ್ನ ಗಣಾರಾಧನೆಯ ದಿನ ಅಯ್ಯನವರು "ಯಾರ ಹೆಸರು ಹೇಳ್ರಿ" ಎಂದರು. ಅವ್ವ ನನ್ನ ಕಡೆ ನೋಡಿದಳು. ನಿನ್ನ ಹೆಸರು ಹೇಳಿದೆ. ಆಮೇಲೆ ಬಸೂನ ಹೆಸರನ್ನೂ ಹೇಳಿದೆ. ಅವನ ತಾಟಿನಲ್ಲೇ ಎಡೆ ಬಡಿಸಿದೆವು. ಗೋಡೆಯ ಮೇಲೆ ಈಗ ನೀವಿಬ್ಬರೂ ಅಕ್ಕಪಕ್ಕ ಇದ್ದೀರಿ.

ಮುಳುಗಿದ್ದು ಅದೇ ಹಡಗು ಅಪ್ಪಾ. ನಾನು ಎದ್ದಿದ್ದೇನೆ. ಇನ್ನು ನೀನು ಆ ಮಾತು ಬಿಡು.

ನಿನ್ನ,
ಗಿರಿಜಾ