ನೋರಮ್ಮನ ಕೊನೆಯ ಸಾಲು

ಅಶೋಕಪುರಂ, ಮೈಸೂರು
9-11-2025, ಭಾನುವಾರ

ಮೂಗೂರಿನ ಜಗಲಿಯ ಮೇಲೆ ನೆರೆದಿರುವ ಸಮಸ್ತ ಸಭಿಕರೇ,

ಮಂಡಿಗೆ ಪಟ್ಟಿ ಬಿಗಿದುಕೊಂಡು ಗೋಡೆಗೊರಗಿ ವಿರಾಜಮಾನರಾಗಿರುವ ಅತ್ತಿಗೆ ಶಿವನಂಜಮ್ಮನವರೇ, ಅವರೆಕಾಯಿ ಸುಲಿಯುವ ನೆಪದಲ್ಲಿ ಬಂದು ಕೂತಿರುವ ಅಕ್ಕಪಕ್ಕದ ತಾಯಂದಿರೇ, ಈ ಕಾಗದವನ್ನು ಹಿಡಿದು ಓದುತ್ತಿರುವ ಅತ್ತಿಗೆಯ ಮೊಮ್ಮಗಳು ಚಿರಂಜೀವಿ ನಿಶ್ಚಿತಾ, ಮತ್ತು ಇವರೆಲ್ಲರ ನಡುವೆ ಏನೂ ಕೇಳಿಸದವಳಂತೆ ಮೊರದ ಮೇಲೆ ಕಣ್ಣಿಟ್ಟು ಕೂತಿರುವ ನನ್ನ ಧರ್ಮಪತ್ನಿ ಸೌಭಾಗ್ಯವತಿ ಪುಟ್ಟಲಿಂಗಮ್ಮನೇ, ಯಾರೂ ಸದ್ದು ಮಾಡಬೇಡಿ. ಪರದೆ ಏಳುತ್ತಿದೆ.

ನಿಶ್ಚಿತಾ, ಗಟ್ಟಿಯಾಗಿ ಓದು ಮಗಳೇ. ಕೊನೆಯ ಸಾಲಿನವರಿಗೂ ಕೇಳಬೇಕು.

ಪುಟ್ಟಲಿಂಗಿ, ನಿನಗೆ ನನ್ನ ಆಶೀರ್ವಾದಗಳು. ದಸರಾ ಮುಗಿದ ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಚೀಲ ಹೊತ್ತುಕೊಂಡು, ವಾರಕ್ಕೊಂದು ಕಾಗದ ಹಾಕುತ್ತೇನೆ ಅಂತ ಮಾತು ಕೊಟ್ಟವನು ನಾನೇ. ಐದು ವಾರ ತಪ್ಪಿದೆ, ಮನ್ನಿಸು. ಫೋನು ಇರುವಾಗ ಕಾಗದ ಯಾಕೆ ಅಂತ ನಿಮ್ಮ ಸಭೆ ಕೇಳಬಹುದು. ನಾನು ಹಲೋ ಅಂದ ಕೂಡಲೇ ನೀನು ಫೋನನ್ನು ಒಂದು ಮೊಳ ದೂರ ಹಿಡಿದು, "ನಿಮ್ಮ ಗಂಟ್ಲಿಗೆ ಫೋನ್ ಯಾಕ್ರಿ, ಮಹಡಿ ಹತ್ತಿ ಕೂಗಿ, ಇಲ್ಲೀಗಂಟ ಕೇಳ್ತದೆ" ಅನ್ನುತ್ತೀ. ಹೀಗೆ ಅವಮಾನಿತನಾದ ಕಲಾವಿದ ಕಾಗದದ ಮೊರೆ ಹೋಗದೆ ಇನ್ನೇನು ಮಾಡಿಯಾನು?

ಮೊದಲು ಮನೆಯ ಸಮಾಚಾರ. ಮಲ್ಲಿಗೆ ಬಳ್ಳಿ ಬದುಕಿದೆ. ಮುದ್ದೆ ಮೂರನೆಯ ದಿನ ಕೈಗೆ ಹತ್ತಿತು, ಮೊದಲೆರಡು ದಿನದ್ದನ್ನು ಬೀದಿ ನಾಯಿಯೂ ಮೂಸಿ ಹಿಂದಕ್ಕೆ ಹೋಯಿತು. ಹಿತ್ತಲ ನೀರಿನ ಡ್ರಮ್ಮು ಒಂದು ಕಡೆ ವಾಲಿದೆ. ಪ್ಲಂಬರ್ ಬಂದು ನೋಡಿ, "ಕೆಳಗಡೆ ಆ ಹಳೇ ರಾಗಿ ಬೀಸೋ ಕಲ್ಲು ಅಲ್ಲಾಡ್ತಾ ಅದೆ ಯಜಮಾನ್ರೇ, ತೆಗ್ದು ಬಿಸಾಕಿ, ಇಟ್ಟಿಗೆ ಕೊಡಿ" ಅಂದ. ಆ ಕಲ್ಲಿನ ಸುದ್ದಿಗೆ ಬರಬೇಡ ಅಂತ ಕಳಿಸಿದೆ.

ಈಗ ಮುಖ್ಯ ಕಥೆ. ಇದರಲ್ಲಿ ನಾಯಕಿ ನೋರಮ್ಮ. ಊರು ಐರ್ಲೆಂಡು. ವಯಸ್ಸು ಎಂಬತ್ತಾರು. ತೀರಿಕೊಂಡು ಇದೇ ಇಪ್ಪತ್ತಮೂರಕ್ಕೆ ನಾಲ್ಕು ವರ್ಷ.

ನೀನು ಹೋದ ಮೇಲೆ ನಮ್ಮ ಮಹಡಿ ಮನೆಗೆ ಪ್ರೀತಿ ಅಂತ ಒಬ್ಬ ನರ್ಸ್ ಹುಡುಗಿ ಬಾಡಿಗೆಗೆ ಬಂದಳು. ಅಗ್ರಹಾರದ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ. ಅದಕ್ಕೆ ಮೊದಲು ಏಳು ವರ್ಷ ಐರ್ಲೆಂಡಿನ ಸಮುದ್ರದ ದಡದ ಒಂದು ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿದ್ದಳಂತೆ. ಒಂದು ಭಾನುವಾರ ಬೆಳಗ್ಗೆ ನಾನು ಹಿತ್ತಲಿನಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಕೆರೆಯುತ್ತಿದ್ದೆ. ಅವಳು ಮೇಲೆ ಬಟ್ಟೆ ಒಣಗಿಸುತ್ತ ಫೋನಿನಲ್ಲಿ ಒಂದು ಹಾಡು ಹಾಕಿದ್ದಳು. ಹಾರ್ಮೋನಿಯಂ ಇಲ್ಲ, ತಬಲ ಇಲ್ಲ, ಒಂದು ಚಿಟಿಕೆ ತಾಳ ಕೂಡ ಇಲ್ಲ. ಬರೀ ಒಬ್ಬ ಮುದುಕಿಯ ದನಿ. ಭಾಷೆ ಇಂಗ್ಲಿಷೂ ಅಲ್ಲ. ಒಂದು ಮಾತನ್ನು ಹಿಡಿದು ಎಳೆದು, ಅದರ ಹೊಟ್ಟೆಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಮೆಲ್ಲಗೆ ಕೆಳಗಿಡುತ್ತಿದ್ದಳು. ನನ್ನ ರೇಜರು ಗಲ್ಲದ ಮೇಲೆ ನಿಂತುಬಿಟ್ಟಿತು.

ಹೀಗೆ ಹಾಡುತ್ತ ಕೊನೆಯ ಸಾಲಿಗೆ ಬಂದಳು ನೋಡು, ತಟ್ಟನೆ ಹಾಡುವುದನ್ನೇ ಬಿಟ್ಟು, ಹಾಲು ಬಂತಾ ಅಂತ ಕೇಳುವ ದನಿಯಲ್ಲಿ ನಾಲ್ಕು ಮಾತು ಆಡಿ ಮುಗಿಸಿದಳು.

ನಲವತ್ತು ವರ್ಷ ಗದೆ ಹೊತ್ತವನು ನಾನು. ಹಬ್ಬದ ನಾಟಕದಲ್ಲಿ ಎಷ್ಟು ರಾಜರಿಗೆ, ಎಷ್ಟು ರಾಣಿಯರಿಗೆ ಹಾಡಿನ ಕೊನೆಯಲ್ಲಿ ಉಸಿರು ಸಾಲದೆ ಹೋದದ್ದನ್ನು ಕಂಡಿಲ್ಲ? ಎದುರಿನವರು ಬಿಟ್ಟದ್ದನ್ನು ಎತ್ತಿಕೊಡುವುದು ನಟನ ಧರ್ಮ. ಅರ್ಧ ಮುಖದ ನೊರೆಯ ಸಮೇತ ಎದ್ದು ನಿಂತು, ಮಾತು ಗೊತ್ತಿಲ್ಲದಿದ್ದರೇನು, ಆ ಕೊನೆಯ ಸಾಲಿನ ಧಾಟಿಯನ್ನು ಆಕಾರದಲ್ಲಿ ಎತ್ತಿದೆ. ರೈಲ್ವೆ ಸ್ಟೇಷನ್ ಕಡೆಯ ಪಾರಿವಾಳಗಳೆಲ್ಲ ಎದ್ದವು. ಪ್ರೀತಿ ಒದ್ದೆ ದುಪ್ಪಟಿ ಹಿಡಿದುಕೊಂಡು ಗೋಡೆಯ ಮೇಲಿಂದ ಬಗ್ಗಿದಳು.

"ಮಾವ, ಏನಾಯ್ತು? ಬಿದ್ರಾ?"

"ನಾನ್ಯಾಕೆ ಬೀಳ್ಲಮ್ಮ. ಪಾಪ, ಆಯಮ್ಮಂಗೆ ಉಸಿರು ಸಾಲ್ದೆ ಹೋಯ್ತು. ಎತ್ತಿಕೊಟ್ಟೆ."

ಅವಳು ಮೆಟ್ಟಿಲ ಮೇಲೆ ಕೂತು ನಕ್ಕಳು ನೋಡು, ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ಕೆಳಗಿಳಿದು ಬಂದು ಹೇಳಿದಳು. ಆ ದನಿ ಅವಳು ಅಲ್ಲಿ ನೋಡಿಕೊಳ್ಳುತ್ತಿದ್ದ ನೋರಮ್ಮನದಂತೆ. ಅದು ಉಸಿರು ಸಾಲದ್ದಲ್ಲವಂತೆ. ಅಲ್ಲಿಯ ಹಳೆಯ ಹಾಡುಗಾರರ ಪದ್ಧತಿಯಂತೆ. ಕೊನೆಯ ಮಾತನ್ನು ಹಾಡದೆ ಬರೀ ಆಡಿ ಬಿಡುತ್ತಾರೆ. ಹಾಡು ಮುಗಿಯಿತು, ಈಗ ಮಾತಾಡುತ್ತಿರುವವಳು ನಿಮ್ಮ ನೋರಾ, ಏಳಿ, ಟೀ ಕುಡಿಯಿರಿ ಅಂತ. ನಾನಾದರೋ ಚಪ್ಪಾಳೆ ಬೀಳುವ ತನಕ ಕೊನೆಯ ಸಾಲನ್ನು ಬಿಟ್ಟುಕೊಟ್ಟವನೇ ಅಲ್ಲ. ಈ ಪದ್ಧತಿ ನನಗೆ ಆವತ್ತು ಒಂದಿಷ್ಟೂ ಹಿಡಿಸಲಿಲ್ಲ.

ಆ ಹಾಡಿನ ಅರ್ಥವನ್ನೂ ಹೇಳಿದಳು. ಇಬ್ಬರು ಅಕ್ಕತಂಗಿಯರು. ಅಕ್ಕನನ್ನು ನೀರಿನ ಆಚೆಯ ದ್ವೀಪಕ್ಕೆ ಕೊಟ್ಟಿದ್ದಾರೆ. ತಂಗಿ ದಡದಲ್ಲಿ ನಿಂತು, ಅಕ್ಕಾ ಒಲೆ ಹಚ್ಚು, ಹೊಗೆ ನೆಟ್ಟಗೆ ಎದ್ದರೆ ನೀನು ಚೆನ್ನಾಗಿದ್ದೀ ಅಂತ ತಿಳಿಯುತ್ತೇನೆ, ಹೊಗೆ ಕಾಣದಿದ್ದರೆ ಸೀರೆ ಎತ್ತಿ ಕಟ್ಟಿ ನಾನೇ ಹುಟ್ಟು ಹಾಕಿಕೊಂಡು ಬರುತ್ತೇನೆ ಅನ್ನುತ್ತಾಳೆ. ನೋರಮ್ಮ ಮಾತಿನಲ್ಲಿ ಹೇಳಿದ ಆ ಕೊನೆಯ ಸಾಲು, "ಹೊಗೆ ಕಾಣಿಸ್ತು. ನಾನಿನ್ನು ಮನೆಗೆ ಹೋಗ್ತೀನಿ." ನಿನ್ನಕ್ಕನ ಮಂಡಿ ನೋಡಲು ನೀನು ಇಬ್ಬರು ಹೊರುವಷ್ಟು ಚೀಲ ಕಟ್ಟಿಕೊಂಡು ಓಡಿದ್ದು ನೆನಪಾಗಿ ನನಗೆ ನಗು ಬಂತು. ಐರ್ಲೆಂಡಿನಲ್ಲೂ ಇಂಥವರು ಇದ್ದಾರಲ್ಲ ಅಂದುಕೊಂಡೆ. ಹಾಡನ್ನು ಮತ್ತೆ ಹಾಕಿಸಿದೆ. ಮತ್ತೂ ಹಾಕಿಸಿದೆ.

ಮುಂದಿನ ದೃಶ್ಯ, ನಮ್ಮ ಕಲಾ ಸಂಘದ ಕೊಠಡಿ. ನಾಟಕ ನಿಂತು ಎರಡು ವರ್ಷವಾಗಿ, ಗೋಡೆಯಲ್ಲಿ ನನ್ನ ಗದೆ, ಬೆಂಚಿನ ಮೇಲೆ ಇಸ್ಪೀಟು, ಇಷ್ಟೇ ಉಳಿದಿತ್ತು ಅಂತ ನಿನಗೆ ಗೊತ್ತು. ಮುಂದಿನ ಭಾನುವಾರ ಸಂಜೆ ಪ್ರೀತಿಯನ್ನು ಕರೆದುಕೊಂಡು ಹೋಗಿ, ಒಂದು ಸಣ್ಣ ಸ್ಪೀಕರ್ ಇಟ್ಟು, ನೋರಮ್ಮನನ್ನು ರಂಗಕ್ಕೆ ತಂದೆ. ಹಾರ್ಮೋನಿಯಂ ಲಿಂಗರಾಜು ಮೊದಲು ಮೂಗು ಮುರಿದ. "ಕಣ್ಣು ಮುಚ್ಕೊಂಡು ಹಾಡ್ತಾಳೆ ಅಂತೀಯ. ಜನಕ್ಕೆ ಮುಖ ತೋರಿಸ್ದೆ ಇದೆಂಥ ಹಾಡು ಮಾದಯ್ಯ?" ಆಮೇಲೆ ಪೆಟ್ಟಿಗೆ ತೆಗೆದು ಅವಳ ದನಿಗೆ ಮನೆ ಹುಡುಕಲು ಕೂತ. ಕಪ್ಪು ಮನೆ ಒತ್ತಿದ, ಬಿಳಿ ಮನೆ ಒತ್ತಿದ. ನೋರಮ್ಮ ಎರಡರ ಸಂದಿಯಲ್ಲಿ ಓಡಾಡುತ್ತಿದ್ದಾಳೆ. ಕೊನೆಗೆ ಪೆಟ್ಟಿಗೆ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟ.

"ಈಯಮ್ಮ ನನ್ನ ಪೆಟ್ಟಿಗೆ ಒಳಕ್ಕೆ ಬರಲ್ಲ ಕಣಯ್ಯ. ನಾವೇ ಸುಮ್ಕೆ ಕುಂತು ಕೇಳ್ಬೇಕು."

ಹಾಡು ಮುಗಿಯಿತು, ಕೊನೆಯ ಮಾತು ಬಿತ್ತು. ಹಿಂದಿನ ಬೆಂಚಿನಿಂದ "ಒನ್ಸ್ ಮೋರ್" ಅಂತ ಕೂಗು ಎದ್ದಿತು. ಪ್ರೀತಿಗೆ ಗಾಬರಿ, ತೀರಿಕೊಂಡವರಿಗೆ ಹಾಗೆ ಕೂಗಬಹುದಾ ಅಂತ. ನಾನು ಹೇಳಿದೆ, ನಮ್ಮ ರಂಗದ ಮೇಲೆ ಬಾಣ ತಗುಲಿ ಸತ್ತವನು ಕೂಡ ಒನ್ಸ್ ಮೋರ್ ಬಿದ್ದರೆ ಎದ್ದು, ಮೈಯ ಧೂಳು ಕೊಡವಿ, ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಾನಮ್ಮ. ನಿಮ್ಮ ನೋರಮ್ಮನಿಗೆ ಅಶೋಕಪುರಂ ಕೊಡುವ ಮರ್ಯಾದೆ ಇದು. ನೋರಮ್ಮ ಆವತ್ತು ಆರು ಸಲ ಎದ್ದಳು.

ಪ್ರೀತಿ ಹೇಳುತ್ತಾಳೆ, ನೋರಮ್ಮನ ಊರಿನಲ್ಲೂ ಹೀಗೆಯೇ ಅಂತೆ. ಇವತ್ತಿಗೂ ಭಾನುವಾರ ಬಂದರೆ ಬೇಕರಿಯವನು, ವ್ಯಾನ್ ಓಡಿಸುವವಳು, ಕಾಲೇಜಿಗೆ ಹೋಗುವ ಹುಡುಗಿಯರು ಒಂದು ಕಡೆ ಸೇರಿ ಅವಳ ಹಾಡು ಹಾಡುತ್ತಾರಂತೆ. ಇದ್ದಾಗ ಯಾರಾದರೂ ಕಲಿಯಲು ಬಂದರೆ, ನನ್ನ ಹಾಗೆ ಹಾಡಬೇಡ, ನಿಮ್ಮ ಮನೆಯ ಅಜ್ಜಿ ಹೇಗೆ ಹಾಡುತ್ತಿದ್ದಳೋ ಹಾಗೆ ಹಾಡು ಅನ್ನುತ್ತಿದ್ದಳಂತೆ. ಪ್ರೀತಿಯನ್ನೂ ಕೇಳಿದ್ದಳಂತೆ, ನಿಮ್ಮಮ್ಮ ಏನು ಹಾಡುತ್ತಾಳೆ ಅಂತ. "ನಮ್ಮನೇಲಿ ಟೀವಿ ಒಂದೇ ಹಾಡೋದು ಅಂದೆ ಮಾವ. ಹೇಳಾದ್ಮೇಲೆ ಒಂಥರ ನಾಚಿಕೆ ಆಯ್ತು."

ಇನ್ನೊಂದು ಪದ್ಧತಿ ಕೇಳು. ಹಾಡುವವರು ಹಾಡಿನ ಒಳಗೆ ಇಳಿದಾಗ ಪಕ್ಕದಲ್ಲಿ ಕೂತವರು ಅವರ ಕೈ ಹಿಡಿದುಕೊಂಡು ಮೆಲ್ಲಗೆ ಸುತ್ತ ತಿರುಗಿಸುತ್ತ ಇರುತ್ತಾರಂತೆ, ಹಾಡು ಮುಗಿಯುವ ತನಕ. ಹೇಗೆ ಅಂತ ಪ್ರೀತಿ ತೋರಿಸಲು ಹೊರಟಳು. ಮುಂದೆ ಕೂತಿದ್ದ ಹೂವಿನ ಬೀರಮ್ಮ, ಎಂಬತ್ತು ದಾಟಿದ ನಮ್ಮ ಬೀರಮ್ಮ, ತನ್ನ ಕೈ ಚಾಚಿದಳು. ಪ್ರೀತಿ ಹಿಡಿದು ಎರಡು ಸುತ್ತು ತಿರುಗಿಸಿದ್ದಳೋ ಇಲ್ಲವೋ, ಬೀರಮ್ಮನ ಕೈ ತಾನಾಗಿ ತಿರುಗಲು ಹತ್ತಿತು. ಮುದುಕಿ ಕಣ್ಣು ಮುಚ್ಚಿಕೊಂಡಳು.

"ಇದು ಬೀಸೋ ಪದ ಕಣವ್ವ. ಕಲ್ಲಿಲ್ಲ, ಅಷ್ಟೇಯ. ಒಂದು ಗೂಟಕ್ಕೆ ಇಬ್ರು ಕೈ ಹಾಕ್ಕೊಂಡು ಇಂಗೇ ಅಲ್ವ ನಾವು ಬೀಸ್ತಿದ್ದುದ್ದು. ಒಬ್ಳು ಹಾಡೋಳು, ಇನ್ನೊಬ್ಳು ಕೈ ಬುಡ್ದೆ ಕೇಳೋಳು."

ಆಮೇಲೆ ಅವಳೇ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಮಾದಯ್ಯ, ನಿನ್ನೆಂಡ್ತಿ ಪುಟ್ಟಲಿಂಗಿ ಹಾಡೋಳಲ್ಲ. ಹೊಳೆ ಆಚೆಗೆ ಕೊಟ್ಟ ಅಕ್ಕನ ಪದ. ಎಂಗೆಳೆಯೋಳು ದನೀವ. ಈಯಮ್ಮ ಥೇಟು ಅಂಗೇಯ."

ಎಲ್ಲರೂ ನನ್ನ ಕಡೆ ತಿರುಗಿದರು. ಲಿಂಗರಾಜು ಮಾತ್ರ ತಲೆ ಬಗ್ಗಿಸಿ ಪೆಟ್ಟಿಗೆಯ ಬಾರು ಬಿಗಿಯುತ್ತಿದ್ದ. ಯಾವ ಊರಿನಲ್ಲೂ ಮಾತು ಮರೆಯದ ಈ ಸಣ್ಣಮಾದಯ್ಯ ಆವತ್ತು ಮಾತು ಮರೆತ. ಎತ್ತಿಕೊಡುವವರು ಯಾರೂ ಇರಲಿಲ್ಲ.

ಇಪ್ಪತ್ತಮೂರನೇ ತಾರೀಕು ಭಾನುವಾರವೇ ಬಿದ್ದಿದೆ. ನೋರಮ್ಮನ ದಿನ. ಆವತ್ತು ಫೋನು ಬೇಡ, ಒಂದು ಜೀವಂತ ದನಿ ಬೇಕು, ಅದು ಪುಟ್ಟಲಿಂಗಮ್ಮನದೇ ಆಗಬೇಕು ಅಂತ ಸಂಘ ತೀರ್ಮಾನ ಮಾಡಿದೆ. ಬೀರಮ್ಮ ಪಕ್ಕದಲ್ಲಿ ಕೂತು ಕೈ ಹಿಡಿಯುತ್ತಾಳಂತೆ. ನಿನ್ನನ್ನು ಕೇಳುವ ಹೊಣೆ ನನ್ನ ತಲೆಗೆ ಬಂದಿದೆ. ಸಭೆಯ ಮುಂದೆ ಕೇಳಿದ್ದೇನೆ. ಉತ್ತರವನ್ನು ಸಭೆಯ ಮುಂದೆ ಹೇಳಬೇಕಾಗಿಲ್ಲ.

ಅತ್ತಿಗೆಯವರೇ, ಮಂಡಿ ಬೇಗ ಬಗ್ಗಲಿ, ಮುಂದಿನ ಸುಗ್ಗಿಗೆ ನೀವು ಕುಣಿಯಬೇಕು. ನಿಶ್ಚಿತಾ, ಪರೀಕ್ಷೆಯಲ್ಲಿ ನಿನಗೆ ಜಯವಾಗಲಿ, ನಿನ್ನ ಗಂಟಲು ಸಾವಿರ ಕಾಲ ಬಾಳಲಿ. ಅವರೆಕಾಯಿಯ ತಾಯಂದಿರೇ, ನಿಮ್ಮ ಸೊಗಡವರೆ ನನಗೂ ಒಂದು ಸೇರು ಬರಲಿ. ಪುಟ್ಟಲಿಂಗಿ, ಹೊತ್ತಿಗೆ ಸರಿಯಾಗಿ ಉಣ್ಣು, ಮಾತ್ರೆ ಮರೆಯಬೇಡ.

ಇಂತಿ ನಿನ್ನ,
ಸಣ್ಣಮಾದಯ್ಯ

ಮರೆತ ಮಾತು: ನಿಶ್ಚಿತಾ, ಮಗಳೇ, ಇಲ್ಲಿಗೆ ಓದುವುದನ್ನು ನಿಲ್ಲಿಸು. ಈ ಹಾಳೆಯನ್ನು ನಿನ್ನ ಚಿಕ್ಕಜ್ಜಿಯ ಕೈಗೆ ಕೊಡು. ಕನ್ನಡಕ ಅವಳ ಚೀಲದ ಪಕ್ಕದ ಜೇಬಿನಲ್ಲಿದೆ.

ಪುಟ್ಟಲಿಂಗಿ, ನೋರಮ್ಮ ಕೊನೆಯ ಸಾಲನ್ನು ಹಾಡದೆ ಆಡುತ್ತಾಳಲ್ಲ, ನಾನೂ ಹಾಗೆ ಪ್ರಯತ್ನ ಪಡುತ್ತೇನೆ.

ಮೂವತ್ತನಾಲ್ಕು ವರ್ಷದ ಹಿಂದೆ, ಮುಂದಿನ ಕೋಣೆಯಲ್ಲಿ ನಾವು ಹತ್ತು ಜನ ನಾಟಕದ ಮಾತು ಕಲಿಯುತ್ತಿದ್ದೆವು. ನೀನು ಹಿತ್ತಲಲ್ಲಿ ರಾಗಿ ಬೀಸುತ್ತ ಆ ಅಕ್ಕನ ಪದ ಹಾಡುತ್ತಿದ್ದೆ. ಎಲ್ಲರೂ ಮಾತು ಕಲಿಯುವುದನ್ನು ಬಿಟ್ಟರು. ಲಿಂಗರಾಜು ಹಾರ್ಮೋನಿಯಂ ನಿಲ್ಲಿಸಿ ತಲೆ ವಾಲಿಸಿಕೊಂಡು ಕೂತ. ಯಾರೋ ಅಂದರು, ಮಾದಯ್ಯ, ನಿಂಗಿಂತ ನಿನ್ನೆಂಡ್ತಿ ದನೀನೇ ವಾಸಿ. ನನಗೆ ಅದನ್ನು ತಡೆಯಲು ಆಗಲಿಲ್ಲ. ಬಾಗಿಲಲ್ಲಿ ನಿಂತು, ಗದೆ ಹೊತ್ತವನ ದನಿ ಎತ್ತಿ, "ಯಾರಲ್ಲಿ, ಆ ಎಮ್ಮೆಯನ್ನು ಕೊಟ್ಟಿಗೆಗೆ ಕಟ್ಟಿ" ಅಂತ ಅಬ್ಬರಿಸಿದೆ. ಎಲ್ಲರೂ ನಕ್ಕರು. ಸೆರಗು ಬಾಯಿಗಿಟ್ಟುಕೊಂಡು ನೀನೂ ನಕ್ಕೆ. ನೀನು ನಕ್ಕಿದ್ದನ್ನೇ ನಾನು ಇಷ್ಟು ವರ್ಷ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆ.

ಮುಂದಿನ ಸೋಮವಾರ ನೀನು ರಾಗಿಯನ್ನು ಚೀಲಕ್ಕೆ ತುಂಬಿ ಮಿಲ್ಲಿಗೆ ಹೊತ್ತುಕೊಂಡು ಹೋದೆ. ಮಿಲ್ಲು ಬಂತು, ಅದಕ್ಕೇ ಮನೆಯಲ್ಲಿ ಹಾಡು ನಿಂತಿತು ಅಂತ ಕೇಳಿದವರಿಗೆಲ್ಲ ಹೇಳಿಕೊಂಡು ಬಂದೆ. ಮಿಲ್ಲು ಅದಕ್ಕೆ ಆರು ವರ್ಷ ಮೊದಲೇ ಬಂದಿತ್ತು.

ಇಪ್ಪತ್ತಮೂರಕ್ಕೆ ನೀನು ಹಾಡಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ. ಆ ಮಾತು ಸಂಘದ್ದು. ನನ್ನದು ಬೇರೆ. ನಾಳೆ ಬೆಳಗ್ಗೆ ಎದ್ದವನೇ ಡ್ರಮ್ಮಿನ ನೀರು ಚೆಲ್ಲಿ, ಅದನ್ನು ಪಕ್ಕಕ್ಕೆ ಉರುಳಿಸಿ, ಆ ಕಲ್ಲನ್ನು ಹೊರಗೆ ಎಳೆದು ತೊಳೆಯುತ್ತೇನೆ. ಆಮೇಲೆ ಬಡಗಿಯ ಹತ್ತಿರ ಹೋಗಿ ಹೊಸ ಗೂಟ ಮಾಡಿಸುತ್ತೇನೆ, ಇಬ್ಬರ ಕೈ ಹಿಡಿಯುವಷ್ಟು ಉದ್ದದ್ದು.