ಅಮ್ಮ ಕಾಶಿಯಲ್ಲಿ ಬಿಟ್ಟದ್ದು

ಅಪ್ಪಾ,

ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು ಎಂದೆಲ್ಲ ಬರೆಯುವಷ್ಟು ತಾಳ್ಮೆ ಈಗ ನನಗಿಲ್ಲ. ನಿನ್ನೆ ಸಂಜೆ ನಾವೆಲ್ಲ ವಾಟರ್‌ಫರ್ಡಿನ ಒಂದು ವಿಯೆಟ್ನಾಮಿ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ನೀವು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆದರೆ ನಮ್ಮ ಊಟದ ಮೇಜಿನ ಮೇಲೆ ಈಗಲೂ ನಿಮ್ಮದೇ ಕಾರುಬಾರು.

ಅಮ್ಮ ಮೈಸೂರಿನಿಂದ ಇಲ್ಲಿಗೆ, ಐರ್ಲೆಂಡಿಗೆ, ಬಂದ ದಿನ ಏರ್‌ಪೋರ್ಟಿನಲ್ಲಿ ತಬ್ಬಿಕೊಂಡರೆ ನನ್ನ ಕೈಗೆ ಬರೀ ಮೂಳೆ ಸಿಕ್ಕಿತು. ನೀವು ಹೋದಮೇಲೆ ಒಂದೊಂದನ್ನೇ ಬಿಡುತ್ತ ಬಂದಿದ್ದಾಳೆ. ಮೊದಲು ರಾತ್ರಿಯೂಟ ಬಿಟ್ಟಳು, ಆಮೇಲೆ ಸಿಹಿ. ಈಗ ಮಧ್ಯಾಹ್ನವೂ ಎರಡು ತುತ್ತು ಮೊಸರನ್ನ ತಿಂದು ಎದ್ದುಬಿಡುತ್ತಾಳೆ. ಆಸ್ಪತ್ರೆಯಲ್ಲಿ ಬೇರೆಯವರ ಅಮ್ಮಂದಿರನ್ನು ಗದರಿಸಿ ಊಟ ಮಾಡಿಸುವ ಡಾಕ್ಟರು ನಾನು. ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಹೀಗೇ ಬಿಡುತ್ತ ಹೋದರೆ ಇವಳೂ... ಬೇಡ, ಬರೆಯುವುದಿಲ್ಲ.

ಹೋಟೆಲಿಗೆ ಹೋಗೋಣ ಎಂದದ್ದು ನಾನೇ. ಹೊಸ ರುಚಿ ಕಂಡಾದರೂ ನಾಲ್ಕು ತುತ್ತು ಹೆಚ್ಚು ತಿಂದಾಳು ಎಂಬ ಆಸೆ. ಡನ್‌ಡಾಕಿನಿಂದ ತಮ್ಮ ರಘುವೂ ಬಂದಿದ್ದ. ನಿಮ್ಮ ಮಗ ನಿಮಗಿಂತ ಒಂದು ಕೈ ಮೇಲೆ. ಮೆನುವನ್ನು ಅಮ್ಮನ ಕೈಗೆ ಕೊಡಲೇ ಇಲ್ಲ. ಅದರಲ್ಲಿ ಮೀನಿನ ಸಾಸ್ ಇದೆಯಾ, ಇದರಲ್ಲಿ ಸಿಗಡಿ ಇದೆಯಾ ಎಂದು ಬಡಿಸುವ ಹುಡುಗಿಯ ಜೀವ ತಿಂದು, ಕೊನೆಗೆ ಅಮ್ಮನಿಗೆ ಬಿಳಿ ಅನ್ನ, ಬೇಯಿಸಿದ ಸೊಪ್ಪು ಹೇಳಿದ. ಅವಳು ಅದನ್ನೂ ಕೆದಕುತ್ತ ಕೂತಳು. ಸ್ವಲ್ಪ ತೋಫು ಹಾಕಲೇ ಎಂದರೆ, ನೀವು ತಿನ್ನಿ, ನನಗೆ ಸಾಕು ಎಂದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಊಟವಾದ ಮೇಲೆ ನನ್ನ ಮಗಳು ದಿಯಾ ಸಿಹಿ ತರಿಸಿದಳು. ಎತ್ತರದ ಗಾಜಿನ ಲೋಟದಲ್ಲಿ ಐಸು, ತೆಂಗಿನ ಹಾಲು, ಹಸಿರು ಜೆಲ್ಲಿ, ಮೇಲೆ ಹಳದಿ ಚೂರುಗಳು. ಲೋಟ ನಮ್ಮ ಮೇಜಿಗೆ ಬರುವ ಮೊದಲೇ ಅಮ್ಮ ತಲೆಯೆತ್ತಿ ನೋಡಿದಳು. ಹಲಸಿನ ಹಣ್ಣು ಅಪ್ಪಾ, ಐರ್ಲೆಂಡಿನಲ್ಲಿ! ದಿಯಾ ಲೋಟವನ್ನು ಅವಳ ಕಡೆ ತಳ್ಳಿ, ‘ಟ್ರೈ ಇಟ್ ಅಜ್ಜಿ, ಇಟ್ಸ್ ಗ್ರ್ಯಾಂಡ್’ ಎಂದಳು. ರಘು ತಕ್ಷಣ ಅದನ್ನು ಹಿಂದಕ್ಕೆ ಎಳೆದುಕೊಂಡ.

‘ಅಮ್ಮ ಅದನ್ನ ಕಾಶೀಲಿ ಬಿಟ್ಟಿದಾಳೆ. ತಿನ್ನೋ ಹಾಗಿಲ್ಲ.’

ಕಾಶಿಯಿಂದ ಬಂದವರೇ ನೀವು ಹೇಳಿದ ಕಥೆ ನೆನಪಾಯಿತು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಆಮೇಲೆ ಬದುಕಿರುವವರೆಗೂ ಮುಟ್ಟಬಾರದು. ನೀವು ಬಿಟ್ಟದ್ದು ಹಾಗಲಕಾಯಿ. ಹಾಗಲಕಾಯಿ ಕಂಡರೆ ತಟ್ಟೆಯನ್ನೇ ಆಚೆ ಸರಿಸುತ್ತಿದ್ದ ಮಹಾನುಭಾವರು! ಅಮ್ಮನ ಸರದಿ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ, ಇವಳದು ಹಲಸಿನ ಹಣ್ಣು ಎಂದು ಪುರೋಹಿತರಿಗೆ ನೀವೇ ಹೇಳಿಬಿಟ್ಟಿರಿ. ಮನೆಗೆ ಬಂದವರಿಗೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದಿರಿ. ಹಲಸಿನ ಕಾಲ ಬಂದಾಗಲೆಲ್ಲ ಅವಳು ಕೈಗೆ ಎಣ್ಣೆ ಹಚ್ಚಿಕೊಂಡು, ತೊಳೆ ಬಿಡಿಸಿ ನಿಮ್ಮ ಮುಂದೆ ಇಡುತ್ತಿದ್ದಳಲ್ಲ, ಒಮ್ಮೆಯಾದರೂ ಅದು ನಿಮ್ಮ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲವೇ? ನಿಮಗಾದರೆ ತಮಾಷೆ, ಅವಳಿಗೆ ಮಾತ್ರ ಶಾಸ್ತ್ರವೇ?

ಇದನ್ನೆಲ್ಲ ಅಲ್ಲೇ ರಘುವಿನ ಮೇಲೆ ಕಾರಿಕೊಂಡೆ. ಸತ್ತವರ ಬಗ್ಗೆ ಹಾಗೆಲ್ಲ ಮಾತಾಡಬೇಡ ಎಂದ. ಬದುಕಿರುವವಳ ಬಗ್ಗೆ ಯಾರು ಮಾತಾಡುತ್ತಾರೆ ಎಂದು ನಾನು ಕೇಳಿದೆ. ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಅಷ್ಟರಲ್ಲಿ ಅಮ್ಮ ಕೈಚಾಚಿ ರಘುವಿನ ಮುಂದಿದ್ದ ಲೋಟವನ್ನು ತೆಗೆದುಕೊಂಡಳು.

‘ಹಲಸಿನ ಹಣ್ಣು ಅಂದಿದ್ದು ನಿಮ್ಮಪ್ಪ ಕಣೋ. ನಾನು ಕಣ್ಮುಚ್ಕೊಂಡು ಬೇರೇದೇ ಬಿಟ್ಟೆ.’

ಏನು ಬಿಟ್ಟೆ ಎಂದು ರಘು ಕೇಳಿದ. ಅವಳು ಮೊದಲು ಒಂದು ಚೂರು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿದಳು.

‘ಅವರ ಮೇಲಿದ್ದ ಸಿಟ್ಟು. ಮದುವೆಯಾದಾಗಿಂದ ಗಂಟು ಕಟ್ಟಿಟ್ಕೊಂಡಿದ್ದೆ, ಅಲ್ಲೇ ಬಿಟ್ಬಂದೆ. ಹಣ್ಣು ತಿಂದಿದ್ರೆ ನಾಲ್ಕು ಜನರ ಮುಂದೆ ಅವರ ಮಾತು ಹೋಗ್ತಿತ್ತು, ಅದಕ್ಕೇ ತಿನ್ನಲಿಲ್ಲ. ಈಗ ಯಾರಿಗೋಸ್ಕರ ಬಿಡ್ಲಿ?’

ಅಮ್ಮ ಆ ಲೋಟ ಖಾಲಿ ಮಾಡಿ, ಬಡಿಸುವ ಹುಡುಗಿಯನ್ನು ತಾನೇ ಕೈಸನ್ನೆ ಮಾಡಿ ಕರೆದು ಇನ್ನೊಂದು ತರಿಸಿದಳು. ಇವತ್ತು ಬೆಳಿಗ್ಗೆ ಎದ್ದವಳೇ, ತಿಂಡಿಗೇನು ಮಾಡಿದ್ದೀಯೆ ಎಂದು ಕೇಳಿದಳು. ಅವಳು ಹಾಗೆ ಕೇಳಿ ಎಷ್ಟು ದಿನವಾಗಿತ್ತು ಗೊತ್ತೇ? ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ನಿಮ್ಮ ಕೊನೆಯ ವರ್ಷಗಳು ಅಷ್ಟು ನೆಮ್ಮದಿಯಾಗಿ ಕಳೆದದ್ದು ನಿಮ್ಮ ಪುಣ್ಯದಿಂದ ಎಂದುಕೊಂಡಿದ್ದಿರಿ, ಅಲ್ಲವೇ? ಯಾರ ಪುಣ್ಯ ಎಂದು ತಿಳಿಸೋಣವೆಂದೇ ಇಷ್ಟು ಬರೆದೆ. ಅವಳು ನಿಮ್ಮನ್ನು ಎಂದೋ ಕ್ಷಮಿಸಿದ್ದಾಳೆ.

ನಾನು ಇನ್ನೂ ಕಾಶಿಗೆ ಹೋಗಿಲ್ಲ ಅಪ್ಪಾ.

ನಿಮ್ಮ ಮಗಳು,
ಸುಮಾ