ಹೊತ್ತು ಮುಳುಗಿದ ಮೇಲಿನ ಔಷಧ

ನವೆಂಬರ್ 11, ಸೋಮವಾರ

ಬಸದಿಯಿಂದ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಸೊಸೆ ತ್ರಿಶಲಾ ಪಕ್ಕದಲ್ಲೇ ನಿಂತಿದ್ದಳು, ಅವಳಿಗೆ ಅದು ಕಂಡಿರಲಿಲ್ಲ. ಅವಳಿಗೆ ಏನಂತ ಬಯ್ಯಲಿ. ಕಬ್ಬು ಕಡಿಯುವ ಗ್ಯಾಂಗ್ ಬಂದು ಕೂತಿದೆ, ನನ್ನ ಮಗ ಜಯಪಾಲ ತನ್ನ ಹುಡುಗನ ಹಾಸಿಗೆ ಬಿಟ್ಟು ಏಳುವುದಿಲ್ಲ. ಗ್ಯಾಂಗಿನವರಿಗೆ ನಾನೇ ಹೊಲ ತೋರಿಸಿ ಬಂದೆ.

ಹನ್ನೊಂದಕ್ಕೆ ನರ್ಸ್ ಸೀಮಾ ಬಂದಳು. ಮೊಮ್ಮಗ ಸಮ್ಮೇದನ ಕಾಲಿನ ಕ್ಯಾನ್ಸರಿಗೆ ಇನ್ನು ಮದ್ದಿಲ್ಲ, ನೋವಾಗದಂತೆ ಮನೆಯಲ್ಲಿ ನೋಡಿಕೊಳ್ಳಿ ಎಂದು ದೊಡ್ಡ ಆಸ್ಪತ್ರೆಯವರು ಕಳಿಸಿದ ಮೇಲೆ ವಾರಕ್ಕೆರಡು ಸಲ ಬರುತ್ತಾಳೆ. ನೋವಿನ ಔಷಧದ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಇಷ್ಟ್ಯಾಕ ಉಳದೈತ್ರಿ? ಸಂಜಿ ಆರಕ್ಕ, ರಾತ್ರಿ ಹತ್ತಕ್ಕ ಕೊಡಾಕತ್ತಿಲ್ಲೇನು?"

"ನಮ್ಮ ಹುಡುಗ ಹೊತ್ತು ಮುಳುಗಿದ ಮ್ಯಾಲ ನೀರೂ ಮುಟ್ಟೂದಿಲ್ಲ. ನೇಮ ಹಿಡದಾನ" ಅಂದೆ.

"ನೇಮ ಕೊಟ್ಟವರು ರಾತ್ರಿ ಬಂದು ಅವನ ಮಗ್ಗಲಕ ಕುಂದರತಾರೇನ್ರಿ, ಅಮ್ಮಾರ?"

ಬಾಯಿ ಬಹಳ. ಚಹಾ ಕೊಡಲಿಲ್ಲ.

ನವೆಂಬರ್ 12

ನಿನ್ನೆ ಸಂಜೆಯೂ ಸಮ್ಮೇದ ಔಷಧಕ್ಕೆ ತುಟಿ ಬಿಗಿದ. ತ್ರಿಶಲಾ ಚಮಚ ಹಿಡಿದು ಅತ್ತಳು. ಅವನು ನನ್ನ ಕಡೆ ನೋಡಿದ. ನಾನು ತಲೆ ಸವರಿದೆ. ಹತ್ತು ವರ್ಷದ ಹುಡುಗ. ನಮ್ಮ ಸದಲಗಾ ಊರಲ್ಲಿ ದೊಡ್ಡವರಿಗೂ ಆಗದ್ದು.

ಮಧ್ಯಾಹ್ನ ಓಣಿಯ ಲಕ್ಷ್ಮಿಬಾಯಿ ನಾಲ್ಕು ಹೆಂಗಸರನ್ನು ಕರೆತಂದು ಅವನ ಕಾಲು ಮುಟ್ಟಿಸಿದಳು. "ಇಂಥಾ ಕೂಸು ಯಾರ ಮನ್ಯಾಗ ಹುಟ್ಟತೈತ್ರಿ?" ನನ್ನ ಮನೆಯಲ್ಲಿ ಹುಟ್ಟಿದೆ, ಮತ್ತೇನು.

ಕಾಲು ಮುಟ್ಟಿದಾಗ ಅವನು ಕಿರುಚಿದ. ನೋವಿನ ಕಾಲು ಅದು.

ನವೆಂಬರ್ 14

ನೇಮ ಕೊಟ್ಟ ಮುನಿ ಮಹಾರಾಜರು ಚಾತುರ್ಮಾಸ ಮುಗಿಸಿ ನಡೆದು ಹೋಗಿದ್ದಾರೆ. ಜಯಪಾಲ ನನಗೆ ಹೇಳದೆ ಅವರನ್ನು ಹುಡುಕಲು ಬೈಕ್ ಹತ್ತಿದ. ಕೊಗನೊಳ್ಳಿಯ ಆಚೆ ಸಿಕ್ಕರಂತೆ. ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ.

"ಔಷಧಕ್ಕ ದೋಷ ಇಲ್ಲ ಅಂದ್ರು ಅವ್ವಾ. ಆವತ್ತ ಹೇಳಿದ್ದೆ ಅಂದ್ರು. ಔಷಧಕ್ಕ ಸೂಟ ಇಡೂಣು, ಅದನ್ನ ನೇಮದಿಂದ ಬಿಡೂಣು ಅಂದಾಗ, ನೀ ನಮ್ಮ ಮನಿತನದಾಗ ಅರ್ಧಾ ನೇಮ ಇಲ್ರಿ ಅಂದಿ ಅಂತ. ಖರೇನ?"

ಖರೆ. ಪರ್ಯೂಷಣ ಹಬ್ಬದ ಸಭೆ ತುಂಬಿತ್ತು. ಹಾಗಲ್ಲದೆ ಮತ್ತೆ ಹೇಗೆ ಹೇಳುವುದು?

ತ್ರಿಶಲಾ ಒಳಗಿನಿಂದ ಬಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನೆದುರು ತಲೆಯ ಮೇಲೆ ಸೆರಗಿಲ್ಲ. "ಅತ್ಯಾರ, ನೇಮ ನಿಮ್ಮದು. ಒದ್ದಾಡಾಕ ನನ್ನ ಮಗಾ ಬೇಕೇನ್ರಿ?"

ಜಯಪಾಲ ಹೋಗಿ ಮಗನಿಗೆ ಹೇಳಿದ, ಮಹಾರಾಜರೇ ಒಪ್ಪಿದ್ದಾರೆ ಎಂದು. ಹುಡುಗ ನಂಬಲಿಲ್ಲ. "ಆಯಿ ಹೇಳ್ಲಿ."

ಅವನ ಅಜ್ಜಿ ನಾನು, ಬಾಗಿಲಲ್ಲೇ ಇದ್ದೆ. ಹೇಳಲಿಲ್ಲ.

ನವೆಂಬರ್ 17, ರವಿವಾರ

ಎರಡು ದಿನ ಬರೆದಿಲ್ಲ. ಬರೆಯುವಂಥದ್ದಲ್ಲ. ಹುಡುಗ ನೋವಿಗೆ ದಿಂಬಿನ ಬಟ್ಟೆ ಕಚ್ಚಿ ಹರಿದಿದ್ದಾನೆ. ಚರ್ಮದ ಮೇಲೆ ಅಂಟಿಸುವ ಔಷಧವೂ ಉಂಟಂತೆ, ಬಾಯಿಗೆ ಹಾಕಬೇಕಿಲ್ಲ. ಕೊಲ್ಲಾಪುರದಲ್ಲಿ ವಿಚಾರಿಸಿದೆ. ತರಿಸಲು ಎಂಟು ದಿನ. ಎಂಟು ದಿನ ಅಂದಾಗ ಸೀಮಾ ನನ್ನ ಮುಖ ನೋಡಿದಳು. ಅಷ್ಟು ದಿನ ಹುಡುಗನಿಗೆ ಉಳಿದಿಲ್ಲ.

ಸಂಜೆ ನಾನೇ ಚಮಚ ತೆಗೆದುಕೊಂಡು ಹೋದೆ. "ತಗೋ. ಔಷಧಕ್ಕ ದೋಷ ಇಲ್ಲ."

"ಆಯಿ, ನೇಮ ಮುರದ್ರ ನನಗ ಆರಾಮ ಆಗೂದಿಲ್ಲಲ್ಲ?"

"ಯಾರಂದ್ರು?"

"ನೀನ. ಪಕ್ಕಾ ನೇಮ ಹಿಡದ್ರ ದೀಪಾವಳಿ ಆದಮ್ಯಾಲ ಸಾಲಿಗಿ ಹೋಗತಿ ಅಂದಿದ್ದಿ. ಇನ್ನ ಸ್ವಲ್ಪ ತಡೀತೇನಿ."

ಇಷ್ಟು ದಿನ ನಾನು ಅದನ್ನು ಭಕ್ತಿ ಅಂದುಕೊಂಡಿದ್ದೆ. ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಹುಡುಗ ಸಾಲೆಗೆ ಹೋಗಲು ತಡೆದುಕೊಂಡಿದ್ದ.

ಚಮಚದಲ್ಲಿದ್ದದ್ದನ್ನು ಮತ್ತೆ ಬಾಟಲಿಗೆ ಸುರಿದೆ. ಅರ್ಧ ನೆಲಕ್ಕೆ ಚೆಲ್ಲಿತು.

ನವೆಂಬರ್ 18, ಸಂಜೆ ಏಳು

ಹೇಳಿದೆ.

"ಸಮ್ಮೇದ, ನೇಮ ಇದ್ರೂ ಆರಾಮ ಆಗೂದಿಲ್ಲೋ. ನಾ ಸುಳ್ಳ ಹೇಳಿದ್ದೆ."

ಅವನು ಅಳಲಿಲ್ಲ. ಫ್ಯಾನ್ ನೋಡುತ್ತ ಕೇಳಿದ. "ನಿನಗ ಯಾವಾಗ ಗೊತ್ತಿತ್ತು?"

"ಮೊದಲಿಂದ."

"ನೇಮ ತಗೊಳ್ಳೂವಾಗ?"

"ಹೂಂ."

ಬಾಯಿ ತೆರೆದ. ನುಂಗಿದ. "ಕಹಿ ಐತಿ" ಅಂದ. ಗೋಡೆಯ ಕಡೆ ಹೊರಳಿದ. ಈಗ ಮಲಗಿದ್ದಾನೆ. ಎಷ್ಟೋ ದಿನಗಳ ಮೇಲೆ ಹಣೆಯ ಗಂಟು ಬಿಚ್ಚಿದೆ. ತ್ರಿಶಲಾ ಅವನ ಪಕ್ಕದಲ್ಲೇ ನಿದ್ದೆ ಹೋಗಿದ್ದಾಳೆ. ಚಾದರ ಹೊದಿಸಿದೆ. ಎದ್ದಿದ್ದರೆ ಹೊದಿಸಿಕೊಳ್ಳುತ್ತಿರಲಿಲ್ಲ.

ನವೆಂಬರ್ 19

ಲಕ್ಷ್ಮಿಬಾಯಿ ಮತ್ತೆ ಬಂದಳು, ಈ ಸಲ ತಟ್ಟೆಯಲ್ಲಿ ತೆಂಗಿನಕಾಯಿ, ಹಿಂದೆ ಹೊಸ ಮಂದಿ. ಹೊಸ್ತಿಲಲ್ಲೇ ತಡೆದೆ.

"ನೋಡೂದೇನೂ ಉಳದಿಲ್ಲ. ನೇಮ ಬಿಟ್ಟಾನ. ನಾನ ಬಿಡಿಸೇನಿ."

"ಅಯ್ಯs ಅಕ್ಕಾರ! ಇನ್ನ ನಾಕ ದಿನದ ಮಾತಿತ್ತು. ಅಷ್ಟ ತಡಕೊಂಡಿದ್ರ…"

"ನಿನಗ ಹಲ್ಲ ನೂಸಿದ್ರ ನಿನ್ನ ಒದರಾಟ ಓಣಿ ತುಂಬ ಕೇಳಸತೈತಿ. ನಡಿ."

ಈ ಹೊತ್ತಿಗೆ ಬಸದಿಯ ಕಟ್ಟೆಯಲ್ಲಿ ನನ್ನದೇ ಮಾತು. ಆಡಲಿ.

ನವೆಂಬರ್ 21, ಬೆಳಿಗ್ಗೆ

ಔಷಧ ಹೊತ್ತಿಗೆ ಸರಿಯಾಗಿ ಹೋಗುತ್ತಿದೆ. ನನ್ನ ಕೈಯಿಂದಲ್ಲ. ನಾನು ಚಮಚ ಹಿಡಿದರೆ "ಮಮ್ಮಿ ಕೊಡ್ಲಿ" ಅನ್ನುತ್ತಾನೆ. ಸಿಟ್ಟಿನಿಂದಲ್ಲ. ಸಿಟ್ಟಾದರೂ ಇದ್ದಿದ್ದರೆ.

ಅನ್ನ ಬಿಟ್ಟಿದ್ದಾನೆ. ಉಸಿರು ಸಣ್ಣದಾಗಿದೆ. ಈಗ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ, ಒಳಗಿನ ಮಾತು ಕೇಳುತ್ತದೆ.

"ಮಮ್ಮಿ, ಸಾಯೂವಾಗ ನೂಸತೈತೇನ?"

ತ್ರಿಶಲಾ ಅಂದಳು, "ಆಯಿನ್ನ ಕರೀಲೇನಪ್ಪಾ? ಆಯಿ ಹೇಳತಾಳ."

"ಬ್ಯಾಡ. ಆಯಿ ನೂಸೂದಿಲ್ಲ ಅಂತಾಳ. ಸೀಮಾಕ್ಕ ಬರ್ಲಿ, ಅಕಿನ್ನ ಕೇಳತೇನಿ."

ಸೀಮಾ ಬರುವುದು ನಾಳೆ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ರಾಯಬಾಗದ ಹತ್ತಿರ ಇದ್ದೇನೆ, ಹೊರಟೆ ಅಂದಳು. ಬೇಗ ಬಾ ತಾಯಿ ಅಂದೆ. ನಾನು ಅಂದೆ. ತ್ರಿಶಲಾ ಬಾಗಿಲಿಗೆ ಬಂದು ನಿಂತಿದ್ದಾಳೆ, ಅವಳ ಹಿಂದೆ ಹುಡುಗನ ಉಸಿರು ನಿಂತು ನಿಂತು ಎಳೆಯುವುದು ಕೇಳುತ್ತದೆ, ನನ್ನನ್ನೇ ನೋಡುತ್ತಾ ಕೈಯಿಂದ ಒಳಗೆ ಬಾ ಎಂದು ಕರೆಯುತ್ತಿದ್ದಾಳೆ. ಎದ್ದೆ.